ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್: ಯಾರ ಹತ್ತಿರ ಹೋಗಬೇಕು, ಅಸಲಿಯೋ ನಕಲಿಯೋ ತಿಳಿಯೋದು ಹೇಗೆ?

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಎಂಡಿಯಂಥ ಪದವಿ ಪಡೆದ ಡಾಕ್ಟರ್. ಔಷಧಿ ಬರೆಯುತ್ತಾರೆ. ನಮ್ಮಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು.

ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ, ಥೆರಪಿ ಮಾಡುತ್ತಾರೆ, ಮಾತ್ರೆ ಬರೆಯುವಂತಿಲ್ಲ. ಸಾಮಾನ್ಯವಾಗಿ ಎರಡು ವರ್ಷದ ಎಂಫಿಲ್ ಮಾಡಿರುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಬೇಕು. ನೋಂದಣಿ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಬಹುದು. ಕೇಳೋಕೆ ಸಂಕೋಚ ಯಾಕೆ, ನಿಮ್ಮ ಆರೋಗ್ಯದ ವಿಷಯ ಅಲ್ವಾ?

ತೊಡಕಿರೋದು ಕೌನ್ಸೆಲರ್ ವಿಷಯದಲ್ಲಿ. ಸುಮ್ನೆ ಒಂದು ಸಣ್ಣ ಆನ್‌ಲೈನ್ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಿಕೊಳ್ಳುತ್ತಾರೆ. 2021ರ ಆರೋಗ್ಯ ವೃತ್ತಿಪರರ ಕಾನೂನಿನ ಪಟ್ಟಿಯಲ್ಲಿ ಕೌನ್ಸೆಲರ್‌ಗಳೂ ಇದ್ದಾರೆ, ಜಾರಿ ಮಾತ್ರ ನಿಧಾನ. ಹಾಗಾಗಿ ಓದು, ತರಬೇತಿ ವಿಚಾರಿಸಿಯೇ ಹೋಗಿ.

ಗೊಂದಲ ಜಾಸ್ತಿ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.