ಫಾರ್ಮ್ ಜೊತೆ ಒಂದು ರಾತ್ರಿ ಊಟವನ್ನೂ ನೋಡಿ

ಪುಣೆಯ ಕನ್ನಡ ಮನೆಗಳಲ್ಲಿ 3ರಿಂದ 5 ವರ್ಷದ ಮಕ್ಕಳ ಊಟದ ಅಭ್ಯಾಸವನ್ನು ಅಪ್ಪ-ಅಮ್ಮ ಹೇಗೆ ರೂಪಿಸ್ತಾರೆ ಅಂತ ಅಳೆಯೋಕೆ ನಾವೇ ಪ್ರಶ್ನಾವಳಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ ರೀ, ಇರೋದನ್ನೇ ಬಳಸಿ. ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ತಂಡ 2001ರಲ್ಲಿ ಪ್ರಕಟಿಸಿದ ಚೈಲ್ಡ್ ಫೀಡಿಂಗ್ ಕ್ವೆಶ್ಚನೇರ್‌ನಲ್ಲಿ 31 ಪ್ರಶ್ನೆಗಳಿವೆ. ಒತ್ತಾಯ, ನಿರ್ಬಂಧ, ನಿಗಾ ಇವಕ್ಕೆ ಬೇರೆಬೇರೆ ಅಂಕ. 2007ರಲ್ಲಿ ಬಂದ ಕಾಂಪ್ರಿಹೆನ್ಸಿವ್ ಫೀಡಿಂಗ್ ಪ್ರಾಕ್ಟೀಸಸ್ ಕ್ವೆಶ್ಚನೇರ್‌ನಲ್ಲಿ 49. ದೊಡ್ಡವರು ತಾವೇ ತಿಂದು ತೋರಿಸೋದು, ಸಿಹಿಯ ಆಸೆ ತೋರಿಸೋದು ಕೂಡ ಅದರಲ್ಲಿ ಸಿಗುತ್ತೆ. ನಿಮಗೆ ಎರಡನೆಯದೇ ಸರಿ ಅನ್ಸುತ್ತೆ.

ಅನುವಾದದಲ್ಲಿ ಹುಷಾರು. 'ಮಗು ತಟ್ಟೆಯಲ್ಲಿರೋದನ್ನೆಲ್ಲ ತಿನ್ನಬೇಕು' ಅನ್ನೋದು ಆ ಪ್ರಶ್ನಾವಳಿಗಳಲ್ಲಿ ಒತ್ತಾಯದ ಲೆಕ್ಕ. ನಮ್ಮಲ್ಲಿ ಅನ್ನ ಬಿಸಾಡಬಾರದು ಅಂತಲೇ ಎಲ್ಲರೂ ಹೌದು ಅಂತಾರೆ! ಮೊದಲು ಹತ್ತು ಮನೆಯಲ್ಲಿ ಕೇಳಿ, ಯಾಕೆ ಹಾಗಂದ್ರಿ ಅಂತ ವಿಚಾರಿಸಿ.

ಇನ್ನೊಂದು, ಉತ್ತರ ಬರೆಯೋರು ಯಾರು, ತಿನ್ನಿಸೋರು ಯಾರು? ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇಂಥದ್ದೇ ಫಾರ್ಮಿನಲ್ಲಿ ನಾನು 'ಒತ್ತಾಯ ಮಾಡಲ್ಲ' ಅಂತ ಜಂಬದಿಂದ ಟಿಕ್ ಹಾಕಿದ್ದೆ. ಮಧ್ಯಾಹ್ನ ಮಗಳನ್ನು ನೋಡಿಕೊಳ್ಳೋ ಮಾವಶಿ 'ಹಾ ಘಾಸ್ ಚಿಊಚಾ, ಹಾ ಘಾಸ್ ಕಾಊಚಾ' (ಈ ತುತ್ತು ಗುಬ್ಬಿದು, ಈ ತುತ್ತು ಕಾಗೆದು) ಅಂತ ಮರಾಠಿಯಲ್ಲಿ ಗುಬ್ಬಿ, ಕಾಗೆ ಹೆಸರಲ್ಲಿ ಬಾಯಿ ಮುಚ್ಚಿಕೊಂಡ ಕೂಸಿಗೆ ಮೊಸರನ್ನ ತುರುಕ್ತಿದ್ರು. ರಾತ್ರಿ ಅತ್ತೆ, ಕೈಗೆ ಮೊಬೈಲ್ ಕೊಟ್ಟು. ಇದು ಯಾವ ಅಂಕದಲ್ಲೂ ಬರಲಿಲ್ಲ. ಕೆಲವು ಮನೆಗಳಲ್ಲಾದ್ರೂ ಒಪ್ಪಿಗೆ ಪಡೆದು ಊಟದ ವಿಡಿಯೊ ಮಾಡಿ, 'ಇನ್ನೊಂದೇ ತುತ್ತು' ಎಷ್ಟು ಸಲ ಬಂತು ಎಣಿಸಿ.

ಮಗುವಿನ ತೂಕವನ್ನೂ ಬರೆದಿಟ್ಟುಕೊಳ್ಳಿ. ಸಣಕಲು ಅಂತಲೇ ತುರುಕೋರು ಜಾಸ್ತಿ.