ಏಳನೇ ತರಗತಿಯ ಮಗಳಿಗೆ ರೋಬೋಟ್ ಕಿಟ್ ಕೊಡಿಸಬೇಕಾ?

ಕುಮಟಾದಿಂದ ಕೇಳಿದ್ದೀರಿ: ಮಗಳಿಗೆ ಕೋಡಿಂಗ್ ಹುಚ್ಚು ಹಿಡಿದಿದೆ, ದುಬಾರಿ ರೋಬೋಟ್ ಕಿಟ್ ಕೊಡಿಸಲಾ, ರಜೆಯ ಶಿಬಿರಕ್ಕೆ ಕಳಿಸಲಾ ಅಂತ. ನಾನು ಶಿರಸಿ ಕಡೆ ಭಾನುವಾರ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇನೆ. ಕಿಟ್ ಈಗಲೇ ಬೇಡ.

ಮೊದಲ ಶಿಬಿರಕ್ಕೆ ನಾನೂ ಕಿಟ್ ತರಿಸಿದ್ದೆ. ಕಪ್ಪು ಟೇಪಿನ ಗೆರೆ ಹಿಡಿದು ಓಡುವ ಪುಟ್ಟ ಗಾಡಿ. ಎರಡೇ ದಿನದಲ್ಲಿ ಎಲ್ಲರದ್ದೂ ಓಡಿತು, ಅಪ್ಪ-ಅಮ್ಮಂದಿರು ವಿಡಿಯೋ ಮಾಡಿಕೊಂಡರು. ಮೂರನೇ ದಿನ ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿತ್ತು ನೋಡಿ, ಗಾಡಿಗಳೆಲ್ಲ ಗೆರೆ ಬಿಟ್ಟು ಬೆಂಚಿನಡಿ ಹೊಕ್ಕವು. ಗಾಡಿಯ ಸೆನ್ಸರ್ ಗೆರೆ ಗುರುತಿಸೋದು ಇನ್‌ಫ್ರಾರೆಡ್ ಅನ್ನೋ ಕಣ್ಣಿಗೆ ಕಾಣದ ಬೆಳಕಿನಿಂದ. ಬಿಸಿಲಲ್ಲೂ ಅದು ಇರುತ್ತೆ, ಸೆನ್ಸರ್ ತಪ್ಪು ಓದುತ್ತೆ, ಅಷ್ಟೇ. ಒಬ್ಬರಿಗೂ ಹೊಳೆಯಲಿಲ್ಲ. ಚಿತ್ರ ನೋಡಿ ಸ್ಕ್ರೂ ತಿರುಗಿಸೋದನ್ನ ಮಾತ್ರ ನಾನು ಕಲಿಸಿದ್ದೆ.

ಈಗ ಸ್ಕ್ರ್ಯಾಚ್‌ನಿಂದ ಶುರು ಮಾಡಿಸುತ್ತೇನೆ. ಕಂಪ್ಯೂಟರ್ ಪರದೆ ಮೇಲೆ ಬಣ್ಣದ ತುಂಡುಗಳನ್ನ ಜೋಡಿಸಿ ಮಕ್ಕಳು ಕೋಡಿಂಗ್ ಕಲಿಯೋ ಸಾಫ್ಟ್‌ವೇರ್ ಅದು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಹೊರತಂದಿದ್ದು, ಪುಕ್ಕಟೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ನೆಟ್ ಕಥೆ ಗೊತ್ತಲ್ವಾ!

ಎರಡು-ಮೂರು ತಿಂಗಳಾದ ಮೇಲೆ ಒಂದು ಆರ್ಡುಯಿನೋ ಬೋರ್ಡು (ನಾವು ಬರೆದ ಕೋಡ್‌ನಂತೆ ನಡೆಯೋ ಪುಟ್ಟ ಸರ್ಕ್ಯೂಟ್ ಬೋರ್ಡು), ಮಳೆ ಸೆನ್ಸರ್, ಬಜರ್, ನಾಲ್ಕು ವೈರು. ಸಾವಿರ ರೂಪಾಯಿಯೊಳಗೆ ಮುಗಿಯುತ್ತೆ. ನಮ್ಮ ಹುಡುಗನೊಬ್ಬ ಅಂಗಳದಲ್ಲಿ ಚಾಲಿ ಅಡಿಕೆ ಒಣಹಾಕಿದ್ದಾಗ ಇದನ್ನೇ ಇಟ್ಟ. ಹನಿ ಬಿದ್ದರೆ ಕೂಗಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕೂಗಿತು. ಅಜ್ಜಿ ಎದ್ದು ಬಂದು, "ತಮಾ, ಆಕಾಶ ತುಂಬ ನಕ್ಷತ್ರ ಇದ್ದು, ಎಲ್ಲಿ ಮಳೆ ಬಂತೋ?" ಅಂದರಂತೆ. ಇಬ್ಬನಿ! ಆ ಸೆನ್ಸರ್ ಒಣಗಿದ್ದಾಗ 1023ರ ಹತ್ತಿರ ತೋರಿಸುತ್ತೆ, ಒದ್ದೆಯಾದಷ್ಟೂ ಅಂಕಿ ಇಳಿಯುತ್ತೆ. ಇವನು 900ಕ್ಕಿಂತ ಕೆಳಗೆ ಬಂದರೆ ಕೂಗು ಅಂತ ಬರೆದಿದ್ದ. ಮರುದಿನ ಪ್ಲೇಟಿನ ಮೇಲೆ ಒಂದೊಂದೇ ಹನಿ ಬಿಟ್ಟು, ಅಂಕಿ ಬರೆದುಕೊಂಡು, ಕೊನೆಗೆ 500 ಮಾಡಿದ. ಯಾರೂ ಹೇಳಿಕೊಟ್ಟಿದ್ದಲ್ಲ.

ನಿಮ್ಮಲ್ಲಿ ಅಡಿಕೆ ಇಲ್ಲದಿದ್ದರೆ ಒಣಮೀನು ಇರಬಹುದು, ತುಂಬಿ ಹರಿಯುವ ಟ್ಯಾಂಕ್ ಇರಬಹುದು. ಯಾವುದು ಅಂತ ಅವಳೇ ಆರಿಸಲಿ.

ಶಿಬಿರಕ್ಕೆ ಕಳಿಸೋದಾದರೆ ಒಂದೇ ಪ್ರಶ್ನೆ ಕೇಳಿ: ಮಾಡಿದ್ದನ್ನ ಬಿಚ್ಚಿ ಬೇರೆ ಮಾಡಲು ಬಿಡ್ತೀರಾ? ಅವಳ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯೋಕೆ ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಶಾಲೆ, ಇದೆಯಾ ಅಂತಲೂ ವಿಚಾರಿಸಿ. 6ರಿಂದ 12ನೇ ತರಗತಿಯವರಿಗೆ ಅಂತಲೇ ಇರೋದು. ಬೀಗ ಹಾಕಿದ್ದರೆ ತೆಗೆಸಿ.

ಹಾಂ, ಕಡಲ ಗಾಳಿಗೆ ಸೆನ್ಸರ್ ಪ್ಲೇಟ್ ಬೇಗ ಕಪ್ಪಾಗುತ್ತೆ. ಎರಡು ತಗೊಂಡಿಡಿ.