ಓದುಗರ ಪ್ರಶ್ನೆ: ಹೊಳೆಯೊಳಗಿನ ಮಂಟಪದಲ್ಲಿ ಶೂಟಿಂಗ್

ಪ್ರಶ್ನೆ: ಗಂಗಾವತಿಯ ಗೆಳೆಯರು ಸೇರಿ ಕಿರುಚಿತ್ರ ಮಾಡುತ್ತಿದ್ದೇವೆ. ಆನೆಗೊಂದಿ ಹತ್ತಿರ ತುಂಗಭದ್ರೆಯಲ್ಲಿರುವ 64 ಕಂಬದ ಮಂಟಪದೊಳಗೆ ಪಂಜು ಹಿಡಿದು ನಡೆಯುವ ರಾತ್ರಿ ದೃಶ್ಯವಿದೆ. ಆಗಸ್ಟ್‌ನಲ್ಲಿ ತೆಗೆಯಬಹುದೇ?

ಉತ್ತರ: ಆಗಸ್ಟ್ ಬೇಡವೇ ಬೇಡ. ಜಲಾಶಯ ತುಂಬಿ ಕ್ರಸ್ಟ್ ಗೇಟುಗಳಿಂದ ಹೆಚ್ಚು ನೀರು ಬಿಟ್ಟರೆ ಮಂಟಪ ಮುಳುಗುತ್ತದೆ. ನೀರು ಇಳಿದ ಮೇಲೂ ಕಲ್ಲಿನ ಮೇಲೆ ರಾಡಿ ಉಳಿದು ಕಾಲು ಜಾರುತ್ತದೆ. ಫೆಬ್ರವರಿ, ಮಾರ್ಚ್ ಇಟ್ಟುಕೊಳ್ಳಿ.

ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ಮೊದಲು ಅಲ್ಲಿ ವಿಚಾರಿಸಿ, ಕೇಂದ್ರದ್ದೋ ರಾಜ್ಯದ್ದೋ, ಅವರು ಹೇಳುವ ಪುರಾತತ್ವ ಇಲಾಖೆಗೂ ಅರ್ಜಿ ಹಾಕಿ. ದೃಶ್ಯದ ವಿವರ, ತಾರೀಖು, ಜನ ಎಷ್ಟು, ಸಾಮಾನು ಏನೇನು ಎಂಬುದನ್ನೆಲ್ಲ ಬರೆದು ಕೊಡಿ. ಕಿರುಚಿತ್ರಕ್ಕೆ ಅನುಮತಿ ಬೇಕಿಲ್ಲ ಎಂದುಕೊಂಡು ಹೋದವರ ಶೂಟಿಂಗ್ ಅರ್ಧಕ್ಕೇ ನಿಲ್ಲುತ್ತದೆ.

ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ 1959ರ ನಿಯಮದಂತೆ ಚಾವಣಿ ಇರುವ ಭಾಗದೊಳಗೆ ಚಿತ್ರೀಕರಣ ಕೂಡದು. ಕತ್ತಲಾದ ಮೇಲೆ ಸ್ಮಾರಕ ಸಾಮಾನ್ಯವಾಗಿ ತೆರೆದಿರುವುದೂ ಇಲ್ಲ. ನೀವು ಯಾವ ಇಲಾಖೆಯಿಂದ ಅನುಮತಿ ಪಡೆದರೂ ಇದೇ ಅಳತೆಗೆ ದೃಶ್ಯ ಹೊಂದಿಸಿಕೊಳ್ಳಿ: ಕ್ಯಾಮೆರಾ ಹೊರಗಿನ ಬಂಡೆಯ ಮೇಲೆ, ಪಾತ್ರಧಾರಿ ಕಂಬಸಾಲಿನ ಹೊರಗೆ.

ರಾತ್ರಿಯನ್ನು ಇಳಿಬಿಸಿಲಲ್ಲೇ ತೆಗೆಯಬಹುದು. ಸೂರ್ಯ ಪಾತ್ರಧಾರಿಯ ಹಿಂದಿರಲಿ. ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ (ಅಂದರೆ ಕ್ಯಾಮೆರಾ ದಾಖಲಿಸುವ ಬೆಳಕು ಕಾಲು ಭಾಗಕ್ಕಿಳಿಯಲಿ), ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಡಿ. ನೀಲಿ ಛಾಯೆ ಬರುತ್ತದೆ. ಆಕಾಶ ಮಾತ್ರ ಫ್ರೇಮಿನಲ್ಲಿ ಬರಕೂಡದು, ಬಂದರೆ ಹಗಲೆಂಬುದು ಬಯಲಾಗುತ್ತದೆ.

ಪಂಜು ಬಿಟ್ಟುಬಿಡಿ. ಎಣ್ಣೆಯ ಮಸಿ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿದರೆ ತಿಕ್ಕಿದರೂ ಹೋಗದು, ತಿಕ್ಕಿದಷ್ಟೂ ಕೆತ್ತನೆ ಸವೆಯುತ್ತದೆ. ಐನೂರು ವರ್ಷದ ಕಲ್ಲಿಗೆ ಒಂದು ಶಾಟ್‌ಗಾಗಿ ಕಪ್ಪು ಬಳಿಯಬಾರದು. ಬ್ಯಾಟರಿಯ ಎಲ್‌ಇಡಿಗೆ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಸುತ್ತಿ, ಬೆಳಕು ಮಿನುಗುವಂತೆ ಮಾಡಿ. ಸ್ಟ್ಯಾಂಡ್‌ಗಳ ಕಾಲಿಗೆ ರಬ್ಬರ್ ಇರಲಿ. ಕಂಬಕ್ಕೆ ಮೊಳೆ, ಹಗ್ಗ, ಟೇಪು ಯಾವುದೂ ಬೇಡ.

ಪ್ರಶ್ನೆ: ದಡದಲ್ಲಿ ಜನರೇಟರ್ ಇಟ್ಟು 100 ಮೀಟರ್ ವೈರ್ ಎಳೆದರೆ ಲೈಟು ಸರಿಯಾಗಿ ಉರಿಯುವುದಿಲ್ಲ. ಏಕೆ?

ಉತ್ತರ: ಅಷ್ಟು ದೂರಕ್ಕೆ ವೈರ್ ತೆಳುವಾಯಿತು. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ ಅಷ್ಟು ದೂರಕ್ಕೆ ಸುಮಾರು 18 ವೋಲ್ಟ್ ಇಳಿಯುತ್ತದೆ. 6 ಚದರ ಮಿ.ಮೀ. ವೈರ್ ಹಾಕಿದರೆ ಇಳಿತ 7 ವೋಲ್ಟ್ ಆಸುಪಾಸು. ಸುರುಳಿಯನ್ನು ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಕಾಯುತ್ತದೆ. ಹೊಳೆಯ ಹತ್ತಿರ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತಗೊಳಿಸುವ ಸ್ವಿಚ್ಚು) ಇಲ್ಲದೆ ಸ್ವಿಚ್ಚು ಒತ್ತಬೇಡಿ, ಜಾಯಿಂಟುಗಳನ್ನು ನೆಲದಿಂದ ಎತ್ತಿ ಕಟ್ಟಿ.